ಮೀನಿನ ತೊಟ್ಟಿ ಹಸಿರಾದರೆ ನಳದ ನೀರು ನೋಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಎಲ್ಲಿ ಹೋದರೂ ಈಗ ಮೀನಿನ ತೊಟ್ಟಿ ಕಾಣುತ್ತದೆ. ಕಟಿಂಗ್ ಅಂಗಡಿಯಲ್ಲಿ, ಮೊಬೈಲ್ ರಿಪೇರಿ ಅಂಗಡಿಯಲ್ಲಿ, ದವಾಖಾನೆಯಲ್ಲಿ ಪಾಳಿ ಹಚ್ಚಿ ಕೂಡುವ ಬೆಂಚಿನ ಪಕ್ಕದಲ್ಲಿ, ಹೊಸದಾಗಿ ಮನೆ ಕಟ್ಟಿಸಿದವರ ಪಡಸಾಲೆಯಲ್ಲಿ. ತಂದ ಮೊದಲನೇ ತಿಂಗಳು ಬಲು ಚೆಂದ. ಎರಡನೇ ತಿಂಗಳಿಗೆ ಗಾಜಿಗೆ ಹಾವಸಿ ಹತ್ತುತ್ತದೆ. ಮೂರನೇ ತಿಂಗಳಿಗೆ ಮೀನು ಎಲ್ಲಿವೆ ಎಂದು ಹುಡುಕಬೇಕು. ನಾಲ್ಕನೇ ತಿಂಗಳಿಗೆ ತೊಟ್ಟಿ ಮಾಳಿಗೆ ಮೇಲೆ ಹೋಗುತ್ತದೆ, ಅದರೊಳಗೆ ಉಳ್ಳಾಗಡ್ಡಿ ಬೀಳುತ್ತದೆ.

ಈ ಬರಹ ಆ ಹಾವಸಿಯನ್ನು ಹೇಗೆ ಹತೋಟಿಗೆ ತರಬೇಕು ಎನ್ನುವುದರ ಬಗ್ಗೆ. ಜೊತೆಗೆ ಅದು ಎಲ್ಲಿಂದ ಬರುತ್ತದೆ ಎನ್ನುವುದರ ಬಗ್ಗೆಯೂ ಹೌದು. ನಮ್ಮ ಮನೆಯ ತೊಟ್ಟಿಯ ಹಾವಸಿಯ ಬೆನ್ನು ಹತ್ತಿ ಹೋದ ನಾವು ಕಡೆಗೆ ಹೋಗಿ ನಿಂತದ್ದು ಊರಿನ ನೀರಿನ ಟಾಕಿಯ ಕೆಳಗೆ.

ನಮ್ಮದು ಹಳೆಯ ಸಂಪಗಾಂವ ತಾಲೂಕಿನ ಒಂದು ಹಳ್ಳಿ. ತಾಲೂಕಿಗೆ ಸಂಪಗಾಂವ ಎಂಬ ಹೆಸರಿದ್ದ ಕಾಲದಲ್ಲೂ ಕಚೇರಿಗಳು ಇದ್ದದ್ದು ಬೈಲಹೊಂಗಲದಲ್ಲೇ. ಊರಿನ ಹೆಸರು ಬರೆಯುವುದಿಲ್ಲ. ಮುಂದೆ ಓದಿದರೆ ಯಾಕೆಂದು ನಿಮಗೇ ತಿಳಿಯುತ್ತದೆ. ನಾವು ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿ, ಸುದ್ದಿಗೆ ಇಷ್ಟು ಎಂದು ಲೆಕ್ಕ ಹಾಕಿಸಿಕೊಂಡು ದುಡಿಯುವ ಮಂದಿ. ಮಳೆ, ಜಾತ್ರೆ, ಕಬ್ಬಿನ ಬಾಕಿ, ರಸ್ತೆ ಅಪಘಾತ ನಮ್ಮ ದಿನದ ಕೆಲಸ. ಮೀನಿನ ತೊಟ್ಟಿ ಮನೆಯ ಹುಡುಗರ ಹಟಕ್ಕೆ ಬಂದದ್ದು. ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ, ಹೆಚ್ಚುಕಡಿಮೆ 50 ಲೀಟರ್ ನೀರು. ಅದರಲ್ಲಿ ಹನ್ನೆರಡು ಗಪ್ಪಿ ಮೀನು. ಸೊಳ್ಳೆ ಹುಳ ತಿನ್ನಲಿ ಎಂದು ಆರೋಗ್ಯ ಇಲಾಖೆಯವರು ಬಾವಿಗೆ, ನೀರಿನ ತೊಟ್ಟಿಗೆ ಬಿಡುತ್ತಾರಲ್ಲ, ಅದೇ ಜಾತಿ.

ಹಾವಸಿ ಅಂದರೆ ಏನು?

ಹೊಲದ ಮಾತಿನಲ್ಲಿ ಹೇಳುವುದಾದರೆ ಹಾವಸಿ ನೀರಿನ ಕಸ. ಕಸ ಬೆಳೆಯಲು ಏನು ಬೇಕೋ ಅದಕ್ಕೂ ಅದೇ ಬೇಕು: ಬೆಳಕು, ಗಾಳಿಯ ಇಂಗಾಲ, ಗೊಬ್ಬರ. ಗೊಬ್ಬರದಲ್ಲಿ ಮುಖ್ಯವಾದವು ಎರಡು. ಒಂದು ಸಾರಜನಕ, ನೀರಿನಲ್ಲಿ ಅದು ಹೆಚ್ಚಾಗಿ ನೈಟ್ರೇಟ್ ರೂಪದಲ್ಲಿ ಇರುತ್ತದೆ. ಇನ್ನೊಂದು ರಂಜಕ, ಅಂದರೆ ಫಾಸ್ಫೇಟ್. ನಾವು ಹೊಲಕ್ಕೆ ಹಾಕುವ ಡಿಎಪಿ ಚೀಲದ ಮೇಲೆ 18-46 ಎಂದು ಬರೆದಿರುತ್ತದಲ್ಲ, ಅದೇ ಜೋಡಿ. ಇವೆರಡೂ ಜೋಡೆತ್ತು ಇದ್ದ ಹಾಗೆ. ಒಂದು ಎತ್ತು ಮಲಗಿತೆಂದರೆ ಗಾಡಿ ನಿಲ್ಲುತ್ತದೆ. ಎರಡೂ ಗಟ್ಟಿ ಇದ್ದರೆ ಗಾಡಿ ಓಡುತ್ತದೆ, ತೊಟ್ಟಿ ಹಸಿರಾಗುತ್ತದೆ.

ಇದನ್ನು 1973ರಲ್ಲಿ ಕೆನಡಾ ದೇಶದ ಒಂದು ಕೆರೆಯಲ್ಲಿ ಕಣ್ಣಾರೆ ತೋರಿಸಿದ್ದರು. ಆ ಕೆರೆಗೆ ಹೆಸರಿಲ್ಲ, 226 ಎಂಬ ನಂಬರು ಮಾತ್ರ. ಡೇವಿಡ್ ಶಿಂಡ್ಲರ್ ಎಂಬ ವಿಜ್ಞಾನಿಯ ತಂಡದವರು ಆ ಕೆರೆಯ ನಡುವೆ ಪರದೆ ಕಟ್ಟಿ ಎರಡು ಪಾಲು ಮಾಡಿದರು. ಒಂದು ಪಾಲಿಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಪಾಲು ಕೆಲವೇ ವಾರಗಳಲ್ಲಿ ಹಸಿರಾಯಿತು, ಇನ್ನೊಂದು ತಿಳಿಯಾಗಿಯೇ ಉಳಿಯಿತು. ನಡುವೆ ಇದ್ದದ್ದು ಒಂದು ಪರದೆ ಮಾತ್ರ.

ನಮ್ಮ ಗಾಜಿನ ತೊಟ್ಟಿಯೂ ಒಂದು ಸಣ್ಣ ಕೆರೆಯೇ. ಮೀನಿನ ಆಹಾರದಿಂದ, ಮೀನಿನ ಹೊಲಸಿನಿಂದ ರಂಜಕ ದಿನಾಲೂ ಬೀಳುತ್ತಿರುತ್ತದೆ. ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಫಿಲ್ಟರ್ ಸ್ಪಂಜಿನಲ್ಲಿ, ಕೆಳಗಿನ ಹರಳುಗಳಲ್ಲಿ ಬದುಕುವ ಒಳ್ಳೆಯ ಬ್ಯಾಕ್ಟೀರಿಯಾ ಅದನ್ನು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಅಮೋನಿಯಾ, ನೈಟ್ರೈಟ್ ಎರಡೂ ಮೀನಿಗೆ ವಿಷ. ನೈಟ್ರೇಟ್ ಅಷ್ಟು ವಿಷವಲ್ಲ, ಆದರೆ ಹಾವಸಿಗೆ ಅದೇ ಊಟ. ಅದನ್ನು ಇಳಿಸಲು ವಾರಕ್ಕೊಮ್ಮೆ ಕಾಲುಭಾಗ ನೀರು ತೆಗೆದು ಹೊಸ ನೀರು ಹಾಕಬೇಕು ಎಂದು ಮೀನಿನ ಅಂಗಡಿಯವರೆಲ್ಲ ಹೇಳುತ್ತಾರೆ. ಹೊಸ ನೀರು ಚೊಕ್ಕ ಇದ್ದರೆ ಈ ಮಾತು ನೂರಕ್ಕೆ ನೂರು ಸರಿ.

ಹಾವಸಿಯಲ್ಲೂ ಜಾತಿಗಳಿವೆ. ಹೊಸ ತೊಟ್ಟಿಯಲ್ಲಿ ಕಂದು ಬಣ್ಣದ ಹುಡಿ ಕೂತರೆ ಹೆದರಬೇಡಿ, ಒರೆಸಿದರೆ ಹೋಗುತ್ತದೆ, ತಿಂಗಳೆರಡು ತಿಂಗಳಲ್ಲಿ ತಾನೇ ಕಡಿಮೆಯಾಗುತ್ತದೆ. ಗಾಜಿನ ಮೇಲಿನ ಹಸಿರು ಚುಕ್ಕಿ, ಕೂದಲಿನಂಥ ಎಳೆ ಹಾವಸಿ, ನೀರೇ ಬಟಾಣಿ ಸಾರಿನ ಹಾಗಾಗುವುದು, ಇವು ಬೆಳಕು ಮತ್ತು ಗೊಬ್ಬರ ಹೆಚ್ಚಾದದ್ದರ ಗುರುತು. ನೀಲಿ-ಹಸಿರು ಲೋಳೆ ಹಾಳೆಯ ಹಾಗೆ ಎದ್ದು ಬಂದು ಮಣ್ಣು ಕೊಳೆತ ವಾಸನೆ ಹೊಡೆದರೆ ಅದು ಹಾವಸಿಯೇ ಅಲ್ಲ, ಒಂದು ತರಹದ ಬ್ಯಾಕ್ಟೀರಿಯಾ. ನಮ್ಮ ತೊಟ್ಟಿಯಲ್ಲಿ ಬಂದದ್ದು ಬಟಾಣಿ ಸಾರು.

ಒಂದೊಂದಾಗಿ ತೆಗೆದು ನೋಡಿದೆವು

ಸುದ್ದಿ ಹುಡುಕುವಾಗ ಮಾಡುವುದನ್ನೇ ಇಲ್ಲೂ ಮಾಡಿದೆವು. ಯಾರ ಮೇಲೆ ಅನುಮಾನವೋ ಅವರನ್ನು ಒಬ್ಬೊಬ್ಬರಾಗಿ ಕೇಳುವುದು. ಮೊದಲು ಬೆಳಕು. ತೊಟ್ಟಿಗೆ ಬಿಸಿಲು ಬೀಳದ ಹಾಗೆ ಗೋಡೆಯ ಕಡೆ ಸರಿಸಿದೆವು, ಲೈಟು ದಿನಕ್ಕೆ ಆರು ತಾಸು ಮಾತ್ರ. ಆಮೇಲೆ ಆಹಾರ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ, ಅದೂ ದಿನಕ್ಕೊಂದೇ ಹೊತ್ತು. ಹುಡುಗರ ಕೈಗೆ ಡಬ್ಬಿ ಸಿಗದ ಹಾಗೆ ಅದನ್ನು ದೇವರ ಮಾಡದ ಮೇಲೆ ಇಟ್ಟೆವು. ಮೂರು ವಾರ ಹೀಗೇ ನಡೆಯಿತು. ಹಸಿರು ಸ್ವಲ್ಪ ತೆಳುವಾಯಿತು, ಹೋಗಲಿಲ್ಲ.

ಡೈರಿ ಬರೆಯುವುದು ನಮ್ಮ ಕಸುಬಿನ ಚಟ. ತೊಟ್ಟಿಯ ಬಣ್ಣವನ್ನೂ ಬರೆದಿಟ್ಟಿದ್ದೆವು. ಮೂರು ವಾರದ ಪುಟ ತಿರುವಿದಾಗ ಒಂದು ಸಂಗತಿ ಎದ್ದು ಕಂಡಿತು. ಭಾನುವಾರ ನೀರು ಬದಲಿಸುತ್ತಿದ್ದೆವು. ಬುಧವಾರದ ಹೊತ್ತಿಗೆ ನೀರು ಮತ್ತಷ್ಟು ಹಸಿರಾಗುತ್ತಿತ್ತು. ಶನಿವಾರಕ್ಕೆ ತುಸು ಇಳಿಯುತ್ತಿತ್ತು. ಭಾನುವಾರ ಮತ್ತೆ ಹೊಸ ನೀರು, ಮತ್ತೆ ಹಸಿರು. ಔಷಧ ಕೊಟ್ಟಾಗಲೆಲ್ಲ ಜ್ವರ ಏರುವ ರೋಗಿಯ ಹಾಗೆ.

ಊರಿನ ನಳಕ್ಕೆ ಎರಡು ಕಡೆಯ ನೀರು ಬರುತ್ತದೆ. ಒಂದು ಹೊಳೆಯದು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಎಂ.ಕೆ. ಹುಬ್ಬಳ್ಳಿ, ಸಂಗೊಳ್ಳಿ ಹಾಯ್ದು, ನವಿಲುತೀರ್ಥದ ಜಲಾಶಯ ತುಂಬಿ, ರಾಮದುರ್ಗದ ಮುಂದೆ ಹೋಗುವ ನಮ್ಮ ಮಲಪ್ರಭೆಯದು. ಇನ್ನೊಂದು ಊರಿನ ಬೋರುಗಳದು. ಹೊಳೆಯಲ್ಲಿ ನೀರು ಇದ್ದಾಗ ಹೊಳೆಯ ನೀರು, ಬೇಸಿಗೆಯಲ್ಲಿ, ಕರೆಂಟು ಕೈಕೊಟ್ಟಾಗ, ಪೈಪು ಒಡೆದಾಗ ಬೋರಿನ ನೀರು. ಎರಡೂ ಒಂದೇ ಟಾಕಿಗೆ ಬೀಳುತ್ತವೆ, ಒಂದೇ ನಳದಲ್ಲಿ ಬರುತ್ತವೆ. ನೀರು ಬಿಡುವ ಕಾಕಾ ಒಬ್ಬರಿಗೇ ಗೊತ್ತು ಇವತ್ತಿನದು ಯಾವುದು ಎಂದು.

"ಕಾಕಾ, ಈ ತಿಂಗಳು ಯಾವ ನೀರ್ರಿ?" ಎಂದು ಕೇಳಿದೆವು.

"ಹೊಳ್ಯಾಗ ಎಲ್ಲೈತಿ ತಮ್ಮಾ ನೀರು? ಬೋರಿಂದ ಬಿಡಾಕತ್ತೀನಿ. ಯಾಕ, ಬ್ಯಾಳಿ ಬೇಯವಲ್ಲವು ಏನು?"

ಬೇಳೆ ಬೇಯುವುದಿಲ್ಲ ಎನ್ನುವುದು ನೀರು ಗಡಸು ಎನ್ನುವುದಕ್ಕೆ ನಮ್ಮ ಹೆಂಗಸರ ಪರೀಕ್ಷೆ. ಗಡಸು ನೀರು ಗಪ್ಪಿಗೆ ಒಗ್ಗುತ್ತದೆ, ಮೀನು ಚೆನ್ನಾಗಿಯೇ ಇದ್ದವು. ಹಾಗಾದರೆ ಹಾವಸಿಗೆ ಊಟ ಹಾಕುತ್ತಿರುವುದು ಗಡಸುತನವಲ್ಲ, ಬೇರೆ ಏನೋ.

ಮೂರು ಬಾಟಲಿ

ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿದೆವು. ನೀವೂ ಮಾಡಬಹುದು. ಎರಡು ಲೀಟರಿನ ಮೂರು ಪ್ಲಾಸ್ಟಿಕ್ ಬಾಟಲಿ ತೊಳೆದು ತೆಗೆದುಕೊಂಡೆವು. ಒಂದಕ್ಕೆ ನಳದ ನೀರು. ಎರಡನೆಯದಕ್ಕೆ ಊರಿನ ಶುದ್ಧ ನೀರಿನ ಘಟಕದ ನೀರು. ಮೂರನೆಯದಕ್ಕೆ ಅಡ್ಡಮಳೆ ಬಂದಾಗ ಮಾಳಿಗೆಯಿಂದ ಹಿಡಿದಿಟ್ಟ ಮಳೆನೀರು. ನಳದ ನೀರಿನ ಕ್ಲೋರಿನ್ ಹಾರಿಹೋಗಲಿ ಎಂದು ಮೊದಲು ಒಂದು ದಿನ ಬಾಯಿ ತೆರೆದ ಬಕೆಟ್ಟಿನಲ್ಲಿ ಇಟ್ಟಿದ್ದೆವು. ಆಮೇಲೆ ಮೂರಕ್ಕೂ ತೊಟ್ಟಿಯ ಹಸಿರು ನೀರು ಒಂದೊಂದು ಲೋಟ ಬೆರೆಸಿ, ಒಂದೇ ಕಿಟಕಿಯ ಮೇಲೆ ಸಾಲಾಗಿ ನಿಲ್ಲಿಸಿದೆವು. ಬೀಜ ಒಂದೇ, ಬಿಸಿಲು ಒಂದೇ, ನೀರು ಮಾತ್ರ ಬೇರೆ.

ಎಂಟನೇ ದಿನಕ್ಕೆ ನಳದ ನೀರಿನ ಬಾಟಲಿಯ ಹಿಂದೆ ಬೆರಳು ಹಿಡಿದರೆ ಬೆರಳು ಕಾಣುತ್ತಿರಲಿಲ್ಲ. ಉಳಿದೆರಡು ಬಾಟಲಿಗಳಲ್ಲಿ ಬೆರಳಿನ ಉಗುರೂ ಕಾಣುತ್ತಿತ್ತು.

ಬಾಟಲಿ ಪರೀಕ್ಷೆಯಿಂದ ನೀರಿನಲ್ಲಿ ಹಾವಸಿಗೆ ಊಟ ಇದೆ ಎಂದು ತಿಳಿಯುತ್ತದೆ. ಯಾವ ಊಟ, ಎಷ್ಟು ಎಂದು ತಿಳಿಯುವುದಿಲ್ಲ. ಅದಕ್ಕೆ ಬೇರೆ ದಾರಿ ಇದೆ. 2019ರ ಆಗಸ್ಟ್ 15ರಂದು ಘೋಷಣೆಯಾದ ಜಲ ಜೀವನ ಮಿಷನ್, ನಮ್ಮ ಕಡೆ ಮನೆಮನೆಗೆ ಗಂಗೆ ಎನ್ನುವ ಯೋಜನೆ, ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಕೊಡುವುದು ಎಂದಷ್ಟೇ ಹೆಚ್ಚಿನವರಿಗೆ ಗೊತ್ತು. ಅದೇ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆಯ ತರಬೇತಿ ಕೊಟ್ಟು, ಕೈಗೆ ಒಂದು ಪರೀಕ್ಷಾ ಪೆಟ್ಟಿಗೆ ಕೊಡಬೇಕು ಎಂದೂ ಇದೆ. ನಮ್ಮ ಓಣಿಯ ಅಕ್ಕ ಒಬ್ಬರು ಆ ಐವರಲ್ಲಿ ಒಬ್ಬರು. ಪೆಟ್ಟಿಗೆ ಅವರ ಟ್ರಂಕಿನಲ್ಲಿ ಭದ್ರವಾಗಿತ್ತು.

"ಯಾರೂ ಕೇಳೂದಿಲ್ರಿ ಅಣ್ಣಾ. ನೀವ ಮೊದಲ್ನೇದಾವ್ರು" ಎಂದು ನಗುತ್ತ ತೆಗೆದರು. ಪುಡಿಯ ಪಾಕೀಟಿನ ಮೇಲೆ ಅವಧಿ ಇನ್ನೂ ಇತ್ತು. ಸಣ್ಣ ಶೀಶೆಗೆ ನಳದ ನೀರು ಹಾಕಿ, ಪುಡಿ ಬೆರೆಸಿ, ಅಲುಗಾಡಿಸಿ ಇಟ್ಟರು. ನೀರು ನಿಧಾನಕ್ಕೆ ಗುಲಾಬಿ ಬಣ್ಣಕ್ಕೆ ತಿರುಗಿತು. ಪೆಟ್ಟಿಗೆಯ ಬಣ್ಣದ ಪಟ್ಟಿಯ ಪಕ್ಕ ಹಿಡಿದಾಗ 45ರ ಗೆರೆಗಿಂತ ದಟ್ಟವಾಗಿತ್ತು.

45 ಎಂದರೆ ಒಂದು ಲೀಟರಿನಲ್ಲಿ 45 ಮಿಲಿಗ್ರಾಂ ನೈಟ್ರೇಟ್. ಕುಡಿಯುವ ನೀರಿಗೆ ನಮ್ಮ ದೇಶದ ಮಾನಕ, ಐಎಸ್ 10500, ಹಾಕಿದ ಗೆರೆ ಅದು. ಗಡಸುತನ, ಲವಣದಂಥ ಕೆಲವಕ್ಕೆ, ಬೇರೆ ನೀರಿಲ್ಲದಿದ್ದರೆ ಇನ್ನಷ್ಟು ಇದ್ದರೂ ನಡೆದೀತು ಎಂಬ ಎರಡನೇ ಗೆರೆ ಇದೆ. ನೈಟ್ರೇಟ್‌ಗೆ ಆ ಸಡಿಲಿಕೆ ಇಲ್ಲ.

ಅವತ್ತು ಮೀನಿನ ಮಾತು ಅಲ್ಲಿಗೇ ನಿಂತಿತು. ಯಾಕೆಂದರೆ ನಮ್ಮ ತಂಗಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಎರಡೂವರೆ ತಿಂಗಳು. ಎದೆಹಾಲು ಸಾಲುತ್ತಿಲ್ಲವೆಂದು ಡಾಕ್ಟರು ಪುಡಿ ಹಾಲನ್ನೂ ಕೊಡಲು ಹೇಳಿದ್ದರು. ಆ ಪುಡಿ ಕಲಸುತ್ತಿದ್ದದ್ದು ಇದೇ ನಳದ ನೀರಿನಲ್ಲಿ, ಚೆನ್ನಾಗಿ ಕುದಿಸಿ ಆರಿಸಿ.

ಕುದಿಸಿದರೆ ಏನಾಗುತ್ತದೆ?

"ಕುದಿಸಿದ್ರ ಎಲ್ಲಾ ಸಾಯ್ತೈತಿ, ನೀ ಯಾಕ ಅಂಜತಿ?" ಎಂದಳು ಅವ್ವ. ಅವಳ ಮಾತು ರೋಗದ ಹುಳಗಳ ಮಟ್ಟಿಗೆ ಸರಿ. ಕುದಿಸಿದರೆ ಕಾಲರಾ, ವಾಂತಿಭೇದಿಯ ಕ್ರಿಮಿ ಸಾಯುತ್ತವೆ. ನೈಟ್ರೇಟ್ ಜೀವವಿರುವ ವಸ್ತುವಲ್ಲ, ಉಪ್ಪಿನಂಥದ್ದು. ಸಾರು ಕುದಿಸಿದಷ್ಟೂ ಉಪ್ಪು ಹೆಚ್ಚಾಗುವುದಿಲ್ಲವೇ? ಹಾಗೆಯೇ ನೀರು ಆವಿಯಾಗುತ್ತದೆ, ನೈಟ್ರೇಟ್ ತಳದಲ್ಲಿ ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸಿದರೂ, ಮೇಣದಬತ್ತಿಯಂಥ ಕ್ಯಾಂಡಲ್ ಫಿಲ್ಟರಿಗೆ ಹಾಕಿದರೂ, ಕ್ಲೋರಿನ್ ಗುಳಿಗೆ ಬಿಟ್ಟರೂ ಅದು ಹೋಗುವುದಿಲ್ಲ.

ದೊಡ್ಡವರಿಗೆ ಇದರಿಂದ ಕೂಡಲೇ ತೊಂದರೆ ಕಾಣುವುದಿಲ್ಲ. ಆರು ತಿಂಗಳೊಳಗಿನ ಕೂಸಿನ ಕತೆ ಬೇರೆ. ಅದರ ಹೊಟ್ಟೆಯಲ್ಲಿ ಆಮ್ಲ ಕಡಿಮೆ, ಅಲ್ಲಿ ನೈಟ್ರೇಟ್ ನೈಟ್ರೈಟ್ ಆಗುವುದು ಸುಲಭ. ನೈಟ್ರೈಟ್ ರಕ್ತಕ್ಕೆ ಸೇರಿದರೆ ರಕ್ತ ಉಸಿರನ್ನು ಹೊರುವ ಕಸುವು ಕಳೆದುಕೊಳ್ಳುತ್ತದೆ. ತುಟಿ, ಉಗುರು ನೀಲಿಯಾಗುತ್ತವೆ. ನೀಲಿ ಕೂಸಿನ ರೋಗ ಎಂದೇ ಅದನ್ನು ಕರೆಯುತ್ತಾರೆ. ಅಮೆರಿಕದ ಅಯೋವಾ ರಾಜ್ಯದಲ್ಲಿ ಹಂಟರ್ ಕಾಮ್ಲಿ ಎಂಬ ಡಾಕ್ಟರು 1945ರಲ್ಲಿ ಮೊದಲ ಬಾರಿಗೆ ಈ ಸಂಬಂಧವನ್ನು ಬರೆದಿಟ್ಟರು. ಅಲ್ಲಿಯೂ ಹೊಲಗದ್ದೆಯ ಸೀಮೆ, ಅಲ್ಲಿಯೂ ಮನೆಯ ಬಾವಿಯ ನೀರು, ಅಲ್ಲಿಯೂ ಆ ನೀರಿನಲ್ಲಿ ಕಲಸಿದ ಬಾಟಲಿ ಹಾಲು. ಎದೆಹಾಲು ಮಾತ್ರ ಕುಡಿಯುವ ಕೂಸಿಗೆ ಈ ಅಂಜಿಕೆ ಇಲ್ಲ. ತಾಯಿ ಕುಡಿದ ನೀರಿನ ನೈಟ್ರೇಟ್ ಹಾಲಿನಲ್ಲಿ ಹಾಗೆ ಕೂಡಿಕೊಳ್ಳುವುದಿಲ್ಲ.

ಕೂಸನ್ನು ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು. ಆರಾಮ ಇದ್ದಾಳೆ, ನೀರು ಬದಲಿಸಿ ಎಂದರು. ಶುದ್ಧ ನೀರಿನ ಘಟಕದ ನೀರನ್ನೂ ಅಕ್ಕನ ಪೆಟ್ಟಿಗೆಯಲ್ಲಿ ಪರೀಕ್ಷೆ ಮಾಡಿಸಿದೆವು. ಗುಲಾಬಿ ಬಣ್ಣ ತೀರಾ ತಿಳಿ, ಗೆರೆಗಿಂತ ಬಹಳ ಕೆಳಗೆ. ಆರ್‌ಒ ಯಂತ್ರ ಸರಿಯಾಗಿ ನಡೆಯುತ್ತಿದ್ದರೆ ನೈಟ್ರೇಟಿನ ಬಹುಪಾಲನ್ನು ತಡೆಯುತ್ತದೆ. ಒಳಗಿನ ಪೊರೆ ಹಳತಾಗಿದ್ದರೆ ತಡೆಯುವುದಿಲ್ಲ. ಅದಕ್ಕೇ ಘಟಕದ ನೀರನ್ನೂ ಕಣ್ಣು ಮುಚ್ಚಿ ನಂಬದೆ ವರ್ಷಕ್ಕೆರಡು ಸಲ ಪರೀಕ್ಷೆ ಮಾಡಿಸಬೇಕು. ಅಂದಿನಿಂದ ಕೂಸಿನ ಹಾಲಿಗೆ ಘಟಕದ ನೀರು, ಅದನ್ನೂ ಕುದಿಸಿ.

ನೈಟ್ರೇಟ್ ನೆಲಕ್ಕೆ ಹೇಗೆ ಇಳಿಯಿತು?

ಕೇಂದ್ರ ಅಂತರ್ಜಲ ಮಂಡಳಿ 2024ರ ವರದಿಯಲ್ಲಿ ಹೇಳಿದ ಮಾತು ನೋಡಿ. ದೇಶದಲ್ಲಿ ಪರೀಕ್ಷಿಸಿದ ಅಂತರ್ಜಲದ ಮಾದರಿಗಳಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು ನೈಟ್ರೇಟಿನ ಗೆರೆ ದಾಟಿದೆ. ಗೆರೆ ದಾಟಿದ ಮಾದರಿಗಳು ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ರಾಜಸ್ಥಾನದ ಜೊತೆ ಕರ್ನಾಟಕವೂ ಇದೆ. ಅಂದರೆ ಇದು ನಮ್ಮ ಒಂದು ಊರಿನ ಗೋಳಲ್ಲ.

ಕಾರಣ ನಮ್ಮ ಕಾಲ ಕೆಳಗೇ ಇವೆ. ಒಂದು ಲೆಕ್ಕ ಹಾಕೋಣ. ಯೂರಿಯಾದ ಚೀಲ 45 ಕಿಲೋ. ಅದರಲ್ಲಿ ಸಾರಜನಕ ನೂರಕ್ಕೆ 46 ಪಾಲು, ಅಂದರೆ 20 ಕಿಲೋಗಿಂತ ತುಸು ಹೆಚ್ಚು. ಅದೆಲ್ಲ ನೈಟ್ರೇಟ್ ಆದರೆ ಸುಮಾರು 92 ಕಿಲೋ ಆಗುತ್ತದೆ. 92 ಕಿಲೋ ನೈಟ್ರೇಟ್ 20 ಲಕ್ಷ ಲೀಟರ್ ನೀರನ್ನು ಆ 45ರ ಗೆರೆಗೆ ತಂದು ನಿಲ್ಲಿಸಲು ಸಾಕು. ಎಲ್ಲವೂ ನೀರಿಗೆ ಇಳಿಯುವುದಿಲ್ಲ. ಬೆಳೆ ಒಂದಿಷ್ಟು ಉಣ್ಣುತ್ತದೆ, ಗಾಳಿಗೆ ಒಂದಿಷ್ಟು ಹೋಗುತ್ತದೆ. ಬೆಳೆ ಉಣ್ಣದೆ ಬಿಟ್ಟದ್ದು ಮಳೆನೀರಿನ ಜೊತೆ, ಕಬ್ಬಿಗೆ ಹಾಯಿಸಿದ ನೀರಿನ ಜೊತೆ ಕೆಳಗೆ ಇಳಿಯುತ್ತದೆ. ಮಣ್ಣು ರಂಜಕವನ್ನು ಹಿಡಿದಿಟ್ಟುಕೊಳ್ಳುತ್ತದೆ, ನೈಟ್ರೇಟನ್ನು ಹಿಡಿಯುವುದಿಲ್ಲ. ಎರೆ ಭೂಮಿ ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದಲ್ಲ, ಮೊದಲ ಮಳೆಯ ನೀರು ಆ ಬಿರುಕುಗಳಲ್ಲಿ ನೇರ ಕೆಳಗೇ ಹೋಗುತ್ತದೆ.

ಊರೊಳಗೆ ಇನ್ನೆರಡು ಕಾರಣ. ಒಂದು ತಿಪ್ಪೆ. ಇನ್ನೊಂದು ಪಾಯಖಾನೆಯ ಗುಂಡಿ. ಮನೆಗೊಂದು ಪಾಯಖಾನೆ ಬಂದದ್ದು ನಮ್ಮ ಹೆಣ್ಣುಮಕ್ಕಳ ಮಾನದ ದೃಷ್ಟಿಯಿಂದ ದೊಡ್ಡ ಸಂಗತಿ. ಆದರೆ ಬೋರಿನ ಪಕ್ಕದಲ್ಲೇ ಗುಂಡಿ ತೋಡಿದರೆ, ಬೋರಿನ ಕೇಸಿಂಗ್ ಸುತ್ತ ಸಿಮೆಂಟು ಹಾಕದೆ ಬಿಟ್ಟರೆ, ಗುಂಡಿಯ ನೀರು ಮತ್ತು ಕುಡಿಯುವ ನೀರು ನೆಲದಡಿ ನೆಂಟರಾಗುತ್ತವೆ.

ಪಂಚಾಯಿತಿ, ಪತ್ರಿಕೆ, ನಾಲ್ಕು ಸಾಲು

ನಾವು ಪಂಚಾಯಿತಿಗೆ ಅರ್ಜಿ ಕೊಟ್ಟೆವು. ಅಲ್ಲಿ ಕೂತಿದ್ದವರು ಓದಿ ನಕ್ಕರು. "ಮೀನ ಸಾಕೂದು ನಿಮ್ಮ ಶೋಕಿ. ಅದಕ್ಕ ಊರ ನೀರಿಗೆ ಯಾಕ ಹೆಸರು ಇಡತೀರ್ರಿ?" ಎಂದರು. ಕೂಸಿನ ವಿಷಯ ಹೇಳಿದೆವು. "ನಾವೆಲ್ಲಾ ಇದ ನೀರ ಕುಡದ ಬೆಳದೇವಿ" ಎಂದರು. ಅವರು ಬೆಳೆದ ಕಾಲದಲ್ಲಿ ಊರು ಕುಡಿಯುತ್ತಿದ್ದದ್ದು ಹೊಳೆಯ ಮತ್ತು ಸೇದುವ ಬಾವಿಯ ನೀರು. ಈ ಬೋರು ಕೊರೆದದ್ದು ಅದಾದ ಎಷ್ಟೋ ವರ್ಷಕ್ಕೆ.

ಪತ್ರಿಕೆಯ ಕಚೇರಿಗೆ ಫೋನ್ ಮಾಡಿದೆವು. "ಬಾಟ್ಲಿ ಫೋಟೋ ಮ್ಯಾಲೆ ಸುದ್ದಿ ಮಾಡಾಕ ಬರೂದಿಲ್ರಿ. ಲ್ಯಾಬ್ ರಿಪೋರ್ಟ್ ಕಳಸ್ರಿ, ನೋಡೂಣು" ಎಂದರು. ಅವರ ಮಾತು ನ್ಯಾಯದ್ದೇ. ಪೆಟ್ಟಿಗೆಯ ಬಣ್ಣ ಕಣ್ಣಳತೆ. ಊರಿನ ಹೆಸರು ಕೆಡಿಸುವ ಮುಂಚೆ ತೂಕದ ಅಳತೆ ಬೇಕು.

ಗ್ರಾಮೀಣ ಕುಡಿಯುವ ನೀರಿನ ಇಲಾಖೆಯ ಪ್ರಯೋಗಾಲಯಗಳಲ್ಲಿ ಸಾರ್ವಜನಿಕರೂ ಕಡಿಮೆ ಹಣ ಕಟ್ಟಿ ನೀರು ಪರೀಕ್ಷೆ ಮಾಡಿಸಬಹುದು. ಎರಡು ಬೋರುಗಳ ನೀರನ್ನೂ ಬೇರೆಬೇರೆ ಶೀಶೆಯಲ್ಲಿ ತುಂಬಿ, ಮೇಲೆ ದಿನಾಂಕ, ಹೊತ್ತು, ಜಾಗ ಬರೆದು ಅವತ್ತೇ ಮುಟ್ಟಿಸಿದೆವು. ನೀರು ಬಿಡುವ ಕಾಕಾ ಜೊತೆಗೆ ನಿಂತು ಬೋರು ಚಾಲೂ ಮಾಡಿ, ಹತ್ತು ನಿಮಿಷ ನೀರು ಹರಿಯಬಿಟ್ಟು ಆಮೇಲೆ ಹಿಡಿಸಿದರು. ವರದಿ ಬಂತು. ಶಾಲೆಯ ಕಡೆಯ ಬೋರು 31. ಹಳೇ ಊರ ಕಡೆಯ ಬೋರು 78. ಹಳೇ ಊರ ಬೋರಿನ ಸುತ್ತ ಏನಿದೆ ಎಂದು ಊರವರಿಗೆ ಹೇಳಬೇಕಿಲ್ಲ. ಮೂರು ಕಡೆ ತಿಪ್ಪೆ, ಒಂದು ಕಡೆ ಸಾಲು ಗುಂಡಿಗಳು.

ವರದಿಯ ಪ್ರತಿ ಇಟ್ಟು ಮತ್ತೆ ಅರ್ಜಿ ಕೊಟ್ಟಾಗ ಯಾರೂ ನಗಲಿಲ್ಲ. ಹಳೇ ಊರ ಬೋರಿನ ಪೈಪನ್ನು ಟಾಕಿಯಿಂದ ಬಿಡಿಸಿದರು, ಬೋರಿಗೆ "ಬಳಸಲು ಮಾತ್ರ, ಕುಡಿಯಲು ಅಲ್ಲ" ಎಂದು ಕೆಂಪು ಅಕ್ಷರದಲ್ಲಿ ಬರೆಸಿದರು. ಪತ್ರಿಕೆಯಲ್ಲಿ ಒಂದು ಕಾಲಂ, ನಾಲ್ಕು ಸಾಲು ಬಂತು. ನಾವು ಬರೆದ ಎಷ್ಟೋ ಉದ್ದದ ಸುದ್ದಿಗಳಿಗಿಂತ ಆ ನಾಲ್ಕು ಸಾಲನ್ನು ಊರಿನಲ್ಲಿ ಹೆಚ್ಚು ಮಂದಿ ಕತ್ತರಿಸಿ ಇಟ್ಟುಕೊಂಡಿದ್ದಾರೆ.

ಕೆಲಸ ಮುಗಿದಿದೆ ಎಂದು ಹೇಳಲಾರೆವು. ಏಪ್ರಿಲ್‌ನಲ್ಲಿ ಶಾಲೆಯ ಬೋರು ಇಳಿದಾಗ ಹಳೇ ಊರ ಬೋರಿನ ಪೈಪನ್ನು ಎರಡು ದಿನ ಮತ್ತೆ ಟಾಕಿಗೆ ಕೂಡಿಸಿದ್ದರು. ಕುಡಿಯಲು ನೀರೇ ಇಲ್ಲ ಎನ್ನುವುದಕ್ಕಿಂತ ಇದು ವಾಸಿ ಎನ್ನುವವರ ಮಾತನ್ನು ತೆಗೆದುಹಾಕುವುದು ಸುಲಭವಲ್ಲ. ಆದರೆ ಕೂಸು ಇರುವ ಮನೆಗಳಿಗೆ ಒಂದು ಮಾತು ಹೇಳಿ ಕೂಡಿಸಬಹುದಿತ್ತು. ಅದನ್ನೇ ನಾವು ಈಗ ಕೇಳುತ್ತಿದ್ದೇವೆ: ಯಾವ ದಿನ ಯಾವ ನೀರು ಎಂದು ಪಂಚಾಯಿತಿಯ ಹಲಗೆಯ ಮೇಲೆ ಬರೆಯಿರಿ.

ತೊಟ್ಟಿಗೆ ಏನು ಮಾಡಿದೆವು

ಈಗ ಮೀನಿನ ಕಡೆ ಬರೋಣ. ನಿಮ್ಮ ತೊಟ್ಟಿಯೂ ಹೀಗೆ ಹಸಿರಾಗುತ್ತಿದ್ದರೆ ಇಷ್ಟು ಮಾಡಿ ನೋಡಿ.

ನೀರು ಬದಲಿಸುವಾಗ ಅರ್ಧ ನಳದ ನೀರು, ಅರ್ಧ ಮಳೆನೀರು ಅಥವಾ ಘಟಕದ ನೀರು ಬೆರೆಸಿ. ಪೂರ್ತಿ ಆರ್‌ಒ ನೀರು ಹಾಕಬೇಡಿ, ಅದರಲ್ಲಿ ಖನಿಜ ಬಹಳ ಕಡಿಮೆ, ಗಪ್ಪಿಯಂಥ ಗಡಸು ನೀರಿನ ಮೀನು ಸೊರಗುತ್ತವೆ. ಮಳೆನೀರು ಹಿಡಿಯುವಾಗ ಮಾಳಿಗೆ ತೊಳೆದುಹೋಗುವ ಮೊದಲ ನೀರನ್ನು ಬಿಟ್ಟು ಆಮೇಲಿನದನ್ನು ಹಿಡಿಯಿರಿ.

ನಳದ ನೀರನ್ನು ಒಂದು ದಿನ ತೆರೆದ ಬಕೆಟ್ಟಿನಲ್ಲಿ ಇಟ್ಟೇ ಹಾಕಿ. ಬ್ಲೀಚಿಂಗ್ ಪುಡಿಯ ಕ್ಲೋರಿನ್ ನಮಗೆ ಒಳ್ಳೆಯದು, ಮೀನಿನ ಕಿವಿರಿಗೆ ಕೆಟ್ಟದ್ದು. ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾವನ್ನೂ ಅದು ಕೊಲ್ಲುತ್ತದೆ. ಅವಸರವಿದ್ದರೆ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ಹನಿ ಬಳಸಿ. ಫಿಲ್ಟರ್ ಸ್ಪಂಜನ್ನು ನಳದ ಕೆಳಗೆ ತೊಳೆಯದೆ ತೊಟ್ಟಿಯಿಂದ ತೆಗೆದ ಹಳೆ ನೀರಿನಲ್ಲೇ ಹಿಂಡಿ.

ಹಾವಸಿ ಉಣ್ಣುವ ಊಟವನ್ನು ಬೇರೆಯವರಿಗೆ ಉಣಿಸಿ. ನಾವು ಮನಿ ಪ್ಲಾಂಟಿನ ಎರಡು ಬಳ್ಳಿ ತಂದು, ಎಲೆ ಹೊರಗೆ, ಬೇರು ಮಾತ್ರ ನೀರಿನಲ್ಲಿ ಇರುವ ಹಾಗೆ ತೊಟ್ಟಿಯ ಅಂಚಿಗೆ ಕಟ್ಟಿದೆವು. ಒಂದು ತಿಂಗಳಲ್ಲಿ ಬೇರು ಗಡ್ಡದ ಹಾಗೆ ಇಳಿಯಿತು. ಕಾಲುವೆಯಲ್ಲಿ ನರಿಬಾಲದ ಹಾಗೆ ಬೆಳೆಯುವ ನೀರಿನ ಗಿಡವನ್ನೂ ತೊಳೆದು ಹಾಕಿದೆವು. ಗಿಡ ನೈಟ್ರೇಟ್ ಉಂಡರೆ ಹಾವಸಿಗೆ ಉಪವಾಸ. ಹೊಲದಲ್ಲಿ ಪೈರು ದಟ್ಟವಾಗಿ ಎದ್ದರೆ ಕಸ ಏಳುವುದಿಲ್ಲ, ಅದೇ ಲೆಕ್ಕ.

ನೀರು ಬಟಾಣಿ ಸಾರಿನಂತಾಗಿದ್ದರೆ ಮೂರು ದಿನ ಲೈಟು ಬಂದ್ ಮಾಡಿ, ತೊಟ್ಟಿಗೆ ಕಂಬಳಿ ಹೊದಿಸಿ. ಗಾಳಿಯ ಪಂಪು ಮಾತ್ರ ನಡೆಯುತ್ತಿರಲಿ. ನಾಲ್ಕನೇ ದಿನ ಕಾಲುಭಾಗ ನೀರು ಬದಲಿಸಿ. ಮೂಲದ ಗೊಬ್ಬರ ನಿಲ್ಲಿಸದೆ ಇದೊಂದನ್ನೇ ಮಾಡಿದರೆ ಹದಿನೈದು ದಿನಕ್ಕೆ ಹಾವಸಿ ವಾಪಸ್ ಬರುತ್ತದೆ.

ಮೈಲುತುತ್ತ ಹಾಕಿ ಎಂದು ಹೇಳುವವರು ಸಿಗುತ್ತಾರೆ. ಬೇಡ. ಹಾವಸಿ ಕೊಲ್ಲುವ ಅಳತೆಗೂ ಮೀನು ಕೊಲ್ಲುವ ಅಳತೆಗೂ ನಡುವೆ ಇರುವುದು ಒಂದು ಚಿಟಿಕೆ. ಬಸವನ ಹುಳ ಮೊದಲು ಸಾಯುತ್ತವೆ. ಒಮ್ಮೆಲೇ ಸತ್ತ ಹಾವಸಿ ಕೊಳೆತು ನೀರಿನ ಉಸಿರನ್ನೂ ಕುಡಿದುಬಿಡುತ್ತದೆ.

ಬಸವನ ಹುಳವನ್ನು ಹಾಗೇ ಬಿಡಿ. 1850ರಲ್ಲಿ ಲಂಡನ್ನಿನ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ವಿಜ್ಞಾನಿ ಮೀನು ಮತ್ತು ನೀರಿನ ಗಿಡ ಎರಡನ್ನೂ ಒಂದೇ ತೊಟ್ಟಿಯಲ್ಲಿ ಇಟ್ಟು ನೋಡಿದ್ದ. ಎಲೆ ಕೊಳೆತು ಹಸಿರು ಲೋಳೆ ಕಟ್ಟಿತು. ಕೊಳದ ಬಸವನ ಹುಳ ತಂದು ಬಿಟ್ಟ, ಅವು ತಿಂದು ತೆರವು ಮಾಡಿದವು. ಇಂದಿಗೂ ಅದೇ ಉಪಾಯ ನಡೆಯುತ್ತದೆ.

ಕಡೆಯದಾಗಿ ಸಕ್ಕರ್ ಮೀನು. ಹಾವಸಿ ತಿನ್ನುತ್ತದೆ ಎಂದು ಅಂಗಡಿಯವರು ಕೊಡುತ್ತಾರೆ. ಬೆರಳುದ್ದದ ಮೀನು ಒಂದಡಿಗಿಂತ ಹೆಚ್ಚು ಬೆಳೆಯುತ್ತದೆ, ಅದರ ಹೊಲಸೇ ಮತ್ತೊಂದು ಗೊಬ್ಬರ. ತೊಟ್ಟಿಗೆ ಸಾಲದಾದಾಗ ಹೊಳೆಗೋ ಕೆರೆಗೋ ಬಿಡಬೇಡಿ. ದಕ್ಷಿಣ ಅಮೆರಿಕದಿಂದ ಬಂದ ಈ ಮೀನು ನಮ್ಮ ದೇಶದ ಹಲವು ಕೆರೆ, ನದಿಗಳಲ್ಲಿ ಈಗಾಗಲೇ ಸೇರಿಕೊಂಡು ಬಲೆ ಹಾಕುವವರಿಗೆ ತಲೆನೋವಾಗಿದೆ. ಮಲಪ್ರಭೆಗೆ ಆ ಪಾಡು ಬೇಡ.

ಇಷ್ಟೆಲ್ಲ ಮಾಡಿ ಎರಡು ತಿಂಗಳಿಗೆ ನಮ್ಮ ತೊಟ್ಟಿಯ ನೀರು ತಿಳಿಯಾಯಿತು. ಗಾಜಿನ ಮೇಲೆ ವಾರಕ್ಕೊಮ್ಮೆ ತೆಳು ಹಸಿರು ಕೂಡುತ್ತದೆ, ಹಳೇ ಎಟಿಎಂ ಕಾರ್ಡಿನಿಂದ ಕೆರೆದರೆ ಹೋಗುತ್ತದೆ. ಅಷ್ಟು ಹಾವಸಿ ಇರಲಿ. ಹಾವಸಿಯೇ ಇಲ್ಲದ ನೀರು ಎಲ್ಲೂ ಇರುವುದಿಲ್ಲ.

ಓದುವ ನಿಮಗೆ ನಮ್ಮದೊಂದು ಕೋರಿಕೆ. ಮೀನಿನ ತೊಟ್ಟಿ ಇರಲಿ ಬಿಡಲಿ, ನಿಮ್ಮ ಊರಿನಲ್ಲಿ ನೀರು ಪರೀಕ್ಷೆಯ ಪೆಟ್ಟಿಗೆ ಯಾರ ಮನೆಯಲ್ಲಿದೆ ಎಂದು ಕೇಳಿ. ಬೋರು ಎಷ್ಟಿವೆಯೋ ಅಷ್ಟನ್ನೂ ಬೇರೆಬೇರೆಯಾಗಿ, ಬೇಸಿಗೆಯಲ್ಲೊಮ್ಮೆ, ಮಳೆಗಾಲ ಮುಗಿದ ಮೇಲೊಮ್ಮೆ ನೋಡಿಸಿ. ಬಣ್ಣ ದಟ್ಟ ಬಂದರೆ ಪ್ರಯೋಗಾಲಯಕ್ಕೆ ಕಳಿಸಿ ವರದಿಯ ಪ್ರತಿ ಕೈಯಲ್ಲಿ ಇಟ್ಟುಕೊಳ್ಳಿ. ಬಾಟಲಿ ಹಾಲು ಕುಡಿಯುವ ಕೂಸು ಓಣಿಯಲ್ಲಿ ಎಲ್ಲಿದೆ ಎಂದು ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಮೊದಲ ಮಾತು ಆ ಮನೆಗೆ ಮುಟ್ಟಲಿ.

ನಮ್ಮ ಓಣಿಯಲ್ಲಿ ಈಗ ಒಂದು ಹೊಸ ರೂಢಿ ಬಿದ್ದಿದೆ. ಬೆಳಿಗ್ಗೆ ನಳ ಬಂದ ಕೂಡಲೇ ಕೊಡ ಹಿಡಿಯುವ ಮುಂಚೆ ಯಾರಾದರೊಬ್ಬರು ಕೂಗಿ ಕೇಳುತ್ತಾರೆ: "ಕಾಕಾ, ಇವತ್ತ ಹೊಳೀದೋ, ಬೋರಿಂದೋ?"

ಕಾಕಾ ಸೈಕಲ್ ನಿಲ್ಲಿಸಿ ಉತ್ತರ ಕೊಟ್ಟೇ ಮುಂದೆ ಹೋಗುತ್ತಾರೆ.